‘ಶಿ’ ಬಿಟ್ಟರೆ ಹಾಡು ಉಳಿಯದು

ಮಾನ್ಯ ಸಂಪಾದಕರೇ,

ಪ್ರಾಚೀನ ಚೀನಾದ ಚು ನಾಡಿನ ‘ಜಿಯು ಗ’ ಎಂದರೆ ‘ಒಂಬತ್ತು ಹಾಡು’, ಎಣಿಸಿದರೆ 11. ದೇವರನ್ನು ಮೈಮೇಲೆ ಕರೆಯುವ ‘ವು’ ಎಂಬ ಪೂಜಾರಿಗಳ ಆಚರಣೆಯಿಂದ ಬಂದ ಹಾಡುಗಳಿವು. ಇವನ್ನು ಕನ್ನಡಕ್ಕೆ ತರುವವರಿಗೆ ಎರಡು ಮಾತು. ಮೋಡದ ದೇವರ ಹಾಡು ಶುರುವಾಗುವುದೇ ಪರಿಮಳದ ನೀರಿನ ಮೀಹದಿಂದ.

ಸಾಲಿನ ನಡುವೆ ‘ಶಿ’ ಎಂಬ ಉಲಿ ಬರುತ್ತದೆ. ಅರ್ಥವಿಲ್ಲವೆಂದು ಅನುವಾದಕರು ಅದನ್ನು ಬಿಟ್ಟರೆ ಉಸಿರಿನ ತಾಣವೇ ಹೋಗುತ್ತದೆ. ನಮ್ಮ ಚಿತ್ರದುರ್ಗದ ಹಟ್ಟಿಗಳಲ್ಲಿ ಕಾಡುಗೊಲ್ಲರ ದೈವ ಜುಂಜಪ್ಪನ ಪದ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ತೊಡಕು ಕನ್ನಡದ್ದೇ. ಮೂಲದ ಕ್ರಿಯಾಪದಕ್ಕೆ ಲಿಂಗವಿಲ್ಲ. ಹಾಡುವುದು ದೇವರೋ ಪೂಜಾರಿಯೋ ಎಂಬುದು ಎಷ್ಟೋ ಕಡೆ ತೆರೆದೇ ಇದೆ. ‘ಬಂದನು’, ‘ಬಂದಳು’ ಎಂದೊಡನೆ ಆ ಬಾಗಿಲು ಮುಚ್ಚುತ್ತದೆ. ‘ಬಾ’, ‘ಬರುವ ಹೆಜ್ಜೆ’ ಎಂದು ಬರೆಯಲಿ, ‘ಶಿ’ ಇದ್ದಲ್ಲಿ ‘ಓ’ ಇರಲಿ.

– ಕಾವ್ಯಾಸಕ್ತರು, ಚಿತ್ರದುರ್ಗ