ಹಾಲು ಉಕ್ಕುತ್ತೆ, ಇಡ್ತೀನಿ

ನ್ಯೂಕ್ಯಾಸಲ್, ಇಂಗ್ಲೆಂಡ್
ಫೆಬ್ರುವರಿ 18

ಅಕ್ಕನಿಗೆ ನಮಸ್ಕಾರಗಳು.

‘ಇಲ್ಲಿ ನಾನು ಕ್ಷೇಮ’ ಅಂತ ಶುರು ಮಾಡಿದೆ. ಹೊಡೆದು ಹಾಕಿ ಬೇರೆ ಹಾಳೆ ತೆಗೆದುಕೊಂಡೆ. ಚಳಿಗಾಲ ಪೂರ್ತಿ ನಾನು ಕ್ಷೇಮ ಇರಲಿಲ್ಲ. ಫೋನಿನಲ್ಲಿ ‘ಕೆಲಸ ಜಾಸ್ತಿ’ ಅನ್ನುತ್ತಿದ್ದದ್ದು ಸುಳ್ಳು. ಡಿಪ್ರೆಶನ್ ಅಂತ ಡಾಕ್ಟರು ಹೇಳಿದ್ದಾರೆ. ಈಗ ಮೇಲು, ಹೆದರಬೇಡ.

ಡಿಸೆಂಬರಿನಲ್ಲಿ ಇಲ್ಲಿ ಮಧ್ಯಾಹ್ನ ಮೂರೂಮುಕ್ಕಾಲಿಗೆಲ್ಲ ಕತ್ತಲಾಗುತ್ತದೆ. ಆದರೆ ಬರೀ ಕತ್ತಲಿನ ಮೇಲೆ ತಪ್ಪು ಹಾಕಲಾರೆ. ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರ. ಸ್ನಾನ ಬೇಡ, ಅಡುಗೆ ಬೇಡ. ನೀನು ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿಯ ಮುಚ್ಚಳವನ್ನೇ ತೆಗೆದಿರಲಿಲ್ಲ ಅಂದರೆ ನಿನಗೆ ಗೊತ್ತಾಗುತ್ತದೆ.

ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಇದರ ಚಿಕಿತ್ಸೆಗೆ ನಾವೇ ಅರ್ಜಿ ಹಾಕಬಹುದು. ಹೋದಾಗ ದುಡ್ಡು ಕೊಡಬೇಕಿಲ್ಲ. ವಾರಕ್ಕೊಮ್ಮೆ ಒಬ್ಬರು ಥೆರಪಿಸ್ಟ್ ಜೊತೆ ಮಾತು. ಪ್ರತಿ ಸಲ ಒಂಬತ್ತು ಪ್ರಶ್ನೆಯ ಒಂದು ಫಾರ್ಮ್ ತುಂಬಬೇಕು. 27 ಅಂಕಕ್ಕೆ ಮೊದಲ ವಾರ 17 ಬಂತು, ಮೊನ್ನೆ 9. ಕಡಿಮೆ ಬಂದಷ್ಟೂ ಒಳ್ಳೆಯದು. ಅಪ್ಪನಿಗೆ ಹೇಳುವಾಗ ಇದನ್ನು ಬಿಡಿಸಿ ಹೇಳು. ಕೊನೆಯ ಪ್ರಶ್ನೆ ಸಾಯುವ ಯೋಚನೆ ಬಂದಿತ್ತಾ ಅಂತ. ‘ಇಲ್ಲ’ ಅಂತ ಬರೆದದ್ದು ನಿಜವೇ.

ಮಾಡುವುದು ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ: ಯೋಚನೆ, ನಡವಳಿಕೆ ಎರಡನ್ನೂ ತಿದ್ದಿಕೊಳ್ಳುವ ಮಾತಿನ ಚಿಕಿತ್ಸೆ. 1960ರ ದಶಕದಲ್ಲಿ ಫಿಲಡೆಲ್ಫಿಯಾದ ಆರನ್ ಬೆಕ್ ಅನ್ನುವ ಮನೋವೈದ್ಯರು ರೂಪಿಸಿದ ದಾರಿ. ಖಿನ್ನತೆ ಇರುವವರ ತಲೆಯಲ್ಲಿ ತಮ್ಮ ಬಗ್ಗೆ ಕೆಟ್ಟ ಮಾತೊಂದು ತಾನಾಗಿ, ಸರಕ್ಕನೆ ಹಾದು ಹೋಗುತ್ತದೆ. ನಾವು ಅದನ್ನು ಹಿಡಿದು ನೋಡುವುದೇ ಇಲ್ಲ, ನಂಬಿಬಿಡುತ್ತೇವೆ. ಅದನ್ನು ಹಿಡಿದು ಕಾಗದಕ್ಕೆ ಇಳಿಸು ಅನ್ನುತ್ತಾರೆ ನನ್ನ ಥೆರಪಿಸ್ಟ್.

ಅದಕ್ಕೆಂದೇ ಇಟ್ಟ ಪುಸ್ತಕದ ಮೊದಲ ಪುಟದಲ್ಲಿರುವುದು ನೀನೇ. ದೀಪಾವಳಿ ದಿನ ನಾನು ಫೋನ್ ಮಾಡಿದ್ದೆ. ಎರಡು ನಿಮಿಷಕ್ಕೆ ನೀನು ‘ಹಾಲು ಉಕ್ಕುತ್ತೆ, ಇಡ್ತೀನಿ’ ಅಂದೆ. ನಾನು ರಾತ್ರಿಯೆಲ್ಲ ಕೂತು, ಇವರಿಗೆ ನಾನು ಬೇಡವಾಗಿದ್ದೇನೆ ಅಂದುಕೊಂಡೆ. ಎಷ್ಟು ನಂಬಿಕೆ ಅಂತ ಥೆರಪಿಸ್ಟ್ ಕೇಳಿದರು. ನೂರಕ್ಕೆ ತೊಂಬತ್ತು ಅಂದೆ. ‘ಸಾಕ್ಷಿ ಏನು?’ ಅಂದರು.

ನನಗೆ ಅಪ್ಪನ ಬೇಲಿ ತಕರಾರು ನೆನಪಾಗಿ ನಗು ಬಂತು. ಸಾಗರದ ಕೋರ್ಟಿಗೆ ಹೋಗುವ ಮೊದಲು ವಕೀಲರು ‘ಕಂಡದ್ದು ಹೇಳಿ, ಅನಿಸಿದ್ದು ಬೇಡ’ ಅಂತ ಅಪ್ಪನಿಗೆ ಮೂರು ಸಲ ಹೇಳಿದ್ದರು, ಅಲ್ವಾ? ಹಾಗೆಯೇ ಬರೆದೆ. ಪರವಾಗಿ: ಫೋನ್ ಬೇಗ ಇಟ್ಟಳು. ವಿರುದ್ಧವಾಗಿ: ಒಲೆ ಮೇಲೆ ಹಾಲಿತ್ತು, ಮನೆ ತುಂಬಾ ನೆಂಟರು, ಮಾರನೆಯ ದಿನ ಅವಳೇ ಎರಡು ಸಲ ಫೋನ್ ಮಾಡಿದ್ದಳು, ಎತ್ತದವನು ನಾನು. ತೊಂಬತ್ತು ನಲವತ್ತಕ್ಕೆ ಇಳಿಯಿತು. ಸೊನ್ನೆ ಆಗಲಿಲ್ಲ. ಆ ರಾತ್ರಿ ನಿದ್ದೆ ಬರಲು ನಲವತ್ತೇ ಸಾಕಾಯಿತು.

ಇದು ವಾಟ್ಸಾಪಿನ ‘ಪಾಸಿಟಿವ್ ಆಗಿರಿ’ ಅಲ್ಲ. ಅದನ್ನು ಕಂಡರೆ ನನಗೆ ಈಗಲೂ ಸಿಟ್ಟು. ಕೆಲವು ದಿನ ಪುಸ್ತಕ ತೆರೆಯುವುದಕ್ಕೂ ಆಗುವುದಿಲ್ಲ. ಆಗ ಸುಮ್ನೆ ಬೂಟು ಹಾಕಿಕೊಂಡು ಟೈನ್ ನದಿ ದಂಡೆಗೆ ಹೋಗಿ ಇಪ್ಪತ್ತು ನಿಮಿಷ ನಡೆದು ಬರುತ್ತೇನೆ. ಮನಸ್ಸು ಬಂದ ಮೇಲೆ ಹೊರಡೋಣ ಅಂತ ಕಾಯಬಾರದಂತೆ. ಮಾತ್ರೆಯೂ ಇದೆ. ನಾನಾಗಿಯೇ ನಿಲ್ಲಿಸುವ ಹಾಗಿಲ್ಲ.

ಇಷ್ಟೆಲ್ಲ ಬರೆದದ್ದು ಚಿಕ್ಕಪ್ಪನ ಸಲುವಾಗಿಯೂ ಹೌದು. ತೋಟಕ್ಕೆ ಎಲೆಚುಕ್ಕೆ ರೋಗ ಬಂದ ಮೇಲೆ ಜಗಲಿ ಬಿಟ್ಟು ಏಳುತ್ತಿಲ್ಲ, ಊಟ ಸೇರುತ್ತಿಲ್ಲ ಅಂದೆಯಲ್ಲ. ರೋಗ ಬಂದದ್ದು ನಿಜ, ಅದಕ್ಕೆ ಯಾವ ಪುಸ್ತಕವೂ ಔಷಧಿಯಲ್ಲ. ಆದರೆ ‘ನಾನೇ ಪ್ರಯೋಜನಕ್ಕೆ ಬಾರದವನು’ ಅನ್ನುತ್ತಾರಲ್ಲ, ಆ ಮಾತಿಗೆ ಸಾಕ್ಷಿ ಎಲ್ಲಿದೆ? ಅವರ ಹತ್ತಿರ ವಾದಕ್ಕೆ ಮಾತ್ರ ಇಳಿಯಬೇಡ. ಪಕ್ಕದಲ್ಲಿ ಕೂತು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಹಚ್ಚಿ ಕೊಡು. ನಂಬರ್ 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬೇಕಾದರೆ ನನ್ನ ವಿಷಯ ಅವರಿಗೆ ಹೇಳು, ನನಗೆ ನಾಚಿಕೆ ಇಲ್ಲ.

ಅಮ್ಮನಿಗೆ ಮಾತ್ರೆಯ ವಿಷಯ ನಾನೇ ಹೇಳುತ್ತೇನೆ. ಮೊದಲೇ ಗೊತ್ತಾದರೆ ಹರಕೆ ಹೊತ್ತುಬಿಡುತ್ತಾಳೆ. ಭಾನುವಾರ ಫೋನ್ ಮಾಡುವೆ, ಹಾಲು ಕಾಯಿಸಿ ಮುಗಿದ ಮೇಲೆ.

ಉಪ್ಪಿನಕಾಯಿ ಅರ್ಧ ಖಾಲಿಯಾಗಿದೆ.

ನಿನ್ನ ತಮ್ಮ