ವೀರಗಲ್ಲಿಗೆ ಸೀಮೆಸುಣ್ಣ ಬೇಡ, ಓರೆ ಬೆಳಕು ಹಾಕಿ

ಸಂಪಾದಕರಿಗೆ,

ಮಾನ್ಯರೇ,

ಹೊಲದ ಬದುವಿನಲ್ಲೋ ಕೆರೆ ಏರಿಯ ಮೇಲೋ ಹೊಸದೊಂದು ವೀರಗಲ್ಲು ಸಿಕ್ಕಿದಾಗ ಪತ್ರಿಕೆಗಳಲ್ಲಿ ಫೋಟೊ ಬರುತ್ತದೆ. ಎಷ್ಟೋ ಫೋಟೊಗಳಲ್ಲಿ ಅಕ್ಷರಗಳಿಗೆ ಸೀಮೆಸುಣ್ಣ ತುಂಬಿರುತ್ತದೆ, ಇಲ್ಲವೇ ಮೈದಾ ಹಿಟ್ಟು ಬಳಿದಿರುತ್ತದೆ. ಓದಲು ಬರಲಿ ಎಂಬ ಉದ್ದೇಶವೇನೋ ಸರಿ. ಆದರೆ ಸೀಮೆಸುಣ್ಣ ಹಿಡಿದ ಕೈ ತಾನು ಓದಿಕೊಂಡದ್ದನ್ನೇ ಕಲ್ಲಿನ ಮೇಲೆ ಬರೆಯುತ್ತದೆ. ‘ಪ’ಕ್ಕೂ ‘ಷ’ಕ್ಕೂ ಇರುವ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಗೀಟು. ಅಲ್ಲಿ ಚಕ್ಕೆ ಎದ್ದಿದ್ದರೆ ಬಿಳಿ ಗೆರೆ ಅದನ್ನೂ ಅಕ್ಷರ ಮಾಡಿಬಿಡುತ್ತದೆ; ಫೋಟೊ ನೋಡಿ ಓದುವವರಿಗೆ ಅನುಮಾನಪಡಲೂ ದಾರಿ ಉಳಿಯುವುದಿಲ್ಲ. ಪುಡಿ ಕಲ್ಲಿನ ರಂಧ್ರಗಳಲ್ಲಿ ಕೂರುತ್ತದೆ, ಹಿಟ್ಟಿಗೆ ಇರುವೆ ಮುತ್ತುತ್ತವೆ, ತೊಳೆಯಲೆಂದು ತಂತಿ ಬ್ರಷ್ ಹಿಡಿದರೆ ಇದ್ದ ಅಂಚೂ ಹೋಗುತ್ತದೆ.

ಕಲ್ಲಿಗೆ ಬೇಕಿರುವುದು ಬೆಳಕು, ಅದೂ ಪಕ್ಕದಿಂದ. ಬಿಸಿಲು ನೇರ ಎದುರಿನಿಂದ ಬಿದ್ದರೆ 2–3 ಮಿ.ಮೀ. ಆಳದ ಕೆತ್ತನೆ ಸಪಾಟಾಗಿ ಕಾಣುತ್ತದೆ. ಕತ್ತಲಾದ ಮೇಲೆ ಎಡಗಡೆಯಿಂದ ಟಾರ್ಚ್ ಓರೆಯಾಗಿ ಹಿಡಿದು ನೋಡಿ: ಕೆಳಗಿನ ಪಟ್ಟಿಕೆಯ ಕಾಳಗದಲ್ಲಿ ವೀರನ ತುರುಬು, ಸೊಂಟದ ಕಠಾರಿ, ಕಾಲಡಿ ಬಿದ್ದ ಶತ್ರು ಒಂದೊಂದಾಗಿ ಎದ್ದು ಬರುತ್ತವೆ. ಆದರೆ ಎಡದ ಬೆಳಕಿಗೆ ನಿಂತ ಗೆರೆಗಳಷ್ಟೇ ತೋರುತ್ತವೆ. ಅಡ್ಡ ಗೆರೆ ಕಾಣಲು ಮೇಲಿನಿಂದ ಹಿಡಿಯಬೇಕು. ಹೀಗಾಗಿ ಒಂದು ಫೋಟೊ ಎಷ್ಟೇ ಚೆನ್ನಾಗಿದ್ದರೂ ಅರ್ಧ ಸತ್ಯವೇ.

ಇದಕ್ಕೆ ಆರ್‌ಟಿಐ ಇದೆ. ಮಾಹಿತಿ ಹಕ್ಕಿನದಲ್ಲ, ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫರ್ಮೇಶನ್ ಇಮೇಜಿಂಗ್: ಬೇರೆ ಬೇರೆ ದಿಕ್ಕಿನ ಬೆಳಕಿನಲ್ಲಿ ತೆಗೆದ ಫೋಟೊಗಳನ್ನು ಒಂದುಗೂಡಿಸುವ ವಿಧಾನ. 2001ರಲ್ಲಿ ಎಚ್‌ಪಿ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನದಿಂದ ಬೆಳೆದದ್ದು. ಕ್ಯಾಮೆರಾ ಟ್ರೈಪಾಡಿನ ಮೇಲೆ ಅಲುಗದೆ ನಿಲ್ಲಬೇಕು, ಬೆಳಕು ಮಾತ್ರ ಸುತ್ತಬೇಕು. ಚೌಕಟ್ಟಿನ ಅಂಚಿನಲ್ಲಿ ಹೊಳೆಯುವ ಕಪ್ಪು ಚೆಂಡೊಂದನ್ನು ಇಡುತ್ತಾರೆ. ಅದರ ಮೇಲೆ ಮಿನುಗುವ ಚುಕ್ಕಿಯಿಂದ ಪ್ರತಿ ಫೋಟೊದಲ್ಲಿ ಬೆಳಕು ಯಾವ ದಿಕ್ಕಿನದೆಂದು ತಂತ್ರಾಂಶ ಲೆಕ್ಕ ಹಾಕುತ್ತದೆ. ಚೆಂಡು ಚಿತ್ರದಲ್ಲಿ 200 ಪಿಕ್ಸೆಲ್ ಅಗಲವಾದರೂ ಇರಬೇಕು. 4,000 ಪಿಕ್ಸೆಲ್ ಅಗಲದ ಫೋಟೊದಲ್ಲಿ ಒಂದು ಮೀಟರ್ ಕಲ್ಲು ಹಿಡಿದರೆ ಒಂದು ಪಿಕ್ಸೆಲ್ಲಿಗೆ ಕಾಲು ಮಿ.ಮೀ.; ಅಂದರೆ 5 ಸೆಂ.ಮೀ. ಚೆಂಡು ಬೇಕು, ಸ್ನೂಕರಿನ ಕಪ್ಪು ಚೆಂಡು ಸರಿಹೊಂದುತ್ತದೆ. ಮಕ್ಕಳಾಡುವ 16 ಮಿ.ಮೀ. ಗೋಲಿ, ಕಪ್ಪು ಬಣ್ಣದ್ದಾದರೆ, ಒಂದಡಿ ಅಗಲದ ಭಾಗಕ್ಕೆ ಸಾಕು, ಇಡೀ ಕಲ್ಲಿಗೆ ಸಾಲದು.

ಬೆಳಕಿನ ದೂರ ಚೌಕಟ್ಟಿನ ಅಗಲದ ಮೂರು ಪಟ್ಟು ಇರಲಿ. ಒಬ್ಬರು ದಾರದ ತುದಿಯನ್ನು ಕಲ್ಲಿನ ನಡುವಿಗೆ, ತಾಗಿಸದೆ, ಹಿಡಿದು ಇನ್ನೊಬ್ಬರು ಟಾರ್ಚಿಗೆ ಕಟ್ಟಿದ ತುದಿಯನ್ನು ಎಳೆದು ನಿಂತರೆ ದೂರ ತಪ್ಪುವುದಿಲ್ಲ. ಕ್ಲಿಕ್ ಮಾಡುವ ಮುನ್ನ ದಾರ ಚೌಕಟ್ಟಿನಿಂದ ಆಚೆ ಹೋಗಬೇಕು. ಕಲ್ಲಿನ ಮೈಯಿಂದ 15 ಡಿಗ್ರಿಯಿಂದ 65 ಡಿಗ್ರಿವರೆಗೆ ನಾಲ್ಕು ಎತ್ತರ, ಪ್ರತಿ ಎತ್ತರದಲ್ಲಿ ಹನ್ನೆರಡು ದಿಕ್ಕು: 48 ಫೋಟೊ. ನೆಲದಲ್ಲಿ ಹೂತ ಕಲ್ಲಿಗೆ ಕೆಳಗಿನಿಂದ ಬೆಳಕು ಹಾಕಲಾಗದು, ಆ ದಿಕ್ಕುಗಳನ್ನು ಬಿಡಬೇಕಾಗುತ್ತದೆ. ಐಎಸ್‌ಒ, ಶಟರ್, ಫೋಕಸ್, ವೈಟ್ ಬ್ಯಾಲೆನ್ಸ್ ಎಲ್ಲವೂ ಮ್ಯಾನ್ಯುಯಲ್. ಕ್ಲಿಕ್ಕಿಗೆ ಎರಡು ಸೆಕೆಂಡಿನ ಟೈಮರ್. ನಲವತ್ತನೆಯ ಫೋಟೊದಲ್ಲಿ ಟ್ರೈಪಾಡಿಗೆ ಯಾರದೋ ಕಾಲು ತಗುಲಿದರೆ ಮೊದಲಿಂದ ಶುರು ಮಾಡುವುದೇ ಒಳ್ಳೆಯದು. ಹಳೆಯದಕ್ಕೆ ಹೊಸದನ್ನು ಸೇರಿಸಿದರೆ ಅಕ್ಷರಗಳಿಗೆ ಜೋಡಿ ಅಂಚು ಬರುತ್ತದೆ. ಉಚಿತ ತಂತ್ರಾಂಶ ರಿಲೈಟ್ ಇವನ್ನು ಒಂದೇ ಕಡತ ಮಾಡಿಕೊಡುತ್ತದೆ. ಆಮೇಲೆ ಪರದೆಯ ಮೇಲೆ ಬೇಕಾದ ಕಡೆಯಿಂದ ಬೆಳಕು ಹಾಯಿಸಿ ನೋಡಬಹುದು, ಕಲ್ಲುಹೂವಿನ ಬಣ್ಣದ ಕಲೆಗಳನ್ನು ಬಿಟ್ಟು ಬರೀ ಏರಿಳಿತ ನೋಡಬಹುದು. ಉಳಿ ಕೊರೆದ ಗೆರೆಗೆ ತಳವಿದೆ, ಚಕ್ಕೆ ಎದ್ದ ಜಾಗಕ್ಕೆ ಒರಟು ಅಂಚಿದೆ. ಆ ಗೀಟು ‘ಷ’ದ್ದೋ ಅಲ್ಲವೋ ಎಂಬ ಜಗಳ ಹೆಚ್ಚಾಗಿ ಅಲ್ಲಿಗೆ ಮುಗಿಯುತ್ತದೆ.

ಇಡೀ ಕಲ್ಲಿನ ಆಕಾರ ಬೇಕಾದರೆ ಫೋಟೋಗ್ರಾಮೆಟ್ರಿ, ಅಂದರೆ ಸುತ್ತಲಿನಿಂದ ತೆಗೆದ ಫೋಟೊಗಳಿಂದ ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾದರಿ ಕಟ್ಟುವುದು. ಇಲ್ಲಿ ನಿಯಮ ತಿರುಗುಮುರುಗು: ಬೆಳಕು ನಿಲ್ಲಬೇಕು, ಕ್ಯಾಮೆರಾ ಓಡಾಡಬೇಕು. ಮೋಡ ಕವಿದ ದಿನ, ಮೊಬೈಲಿನ ಮುಖ್ಯ ಲೆನ್ಸ್, ಸುಮಾರು 70 ಸೆಂ.ಮೀ. ದೂರ, ಪ್ರತಿ 20–25 ಸೆಂ.ಮೀ.ಗೆ ಒಂದು ಫೋಟೊ. ಜೂಮ್, ಫ್ಲ್ಯಾಶ್, ಪೋರ್ಟ್ರೇಟ್ ಮೋಡ್ ಯಾವುದೂ ಬೇಡ. ಹಿಂಬದಿಯೂ ಸೇರಿ ನೂರಿಪ್ಪತ್ತು ಫೋಟೊ ಆಗಬಹುದು. ಪಕ್ಕದಲ್ಲಿ ಅಳತೆಪಟ್ಟಿ ಇಡದಿದ್ದರೆ ಮಾದರಿಗೆ ಗಾತ್ರವೇ ಇರುವುದಿಲ್ಲ, ಮೂರಡಿಯ ಕಲ್ಲೂ ಆರಡಿಯ ಕಲ್ಲೂ ಒಂದೇ. ಪೂಜೆಯ ಎಣ್ಣೆ ಹಿಡಿದ ಕಲ್ಲು ಹೆಚ್ಚು ಕಾಡುತ್ತದೆ: ಹೊಳಪು ಕ್ಯಾಮೆರಾ ಜೊತೆಗೇ ಸರಿಯುವುದರಿಂದ ತಂತ್ರಾಂಶ ಮೋಸಹೋಗಿ ಮಾದರಿಯಲ್ಲಿ ಗುಳಿ, ಬೊಬ್ಬೆ ಮೂಡುತ್ತವೆ. ಹೊಳಪು ತಗ್ಗಿಸುವ ಪೋಲರೈಸಿಂಗ್ ಫಿಲ್ಟರ್ ಅಷ್ಟಿಷ್ಟು ನೆರವಾಗುತ್ತದೆ. ಎಣ್ಣೆ ಉಜ್ಜಿ ತೆಗೆಯುವ ಗೋಜು ಬೇಡ. ಊರವರ ದೇವರು ಅದು. ಕೆಲವು ಮೊಬೈಲುಗಳಲ್ಲಿರುವ, ಲೇಸರ್ ಬೆಳಕಿನಿಂದ ದೂರ ಅಳೆಯುವ ಲೈಡಾರ್ ಕೊಠಡಿ ಅಳೆಯಲು ಚೆನ್ನ, 3 ಮಿ.ಮೀ. ಆಳದ ಅಕ್ಷರ ಅದರ ಕಣ್ಣಿಗೆ ಬೀಳುವುದಿಲ್ಲ.

ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ನಗರ ಮತ್ತು ಸುತ್ತಲಿನ ಶಾಸನಗಳ ಮೂರು ಆಯಾಮದ ಸ್ಕ್ಯಾನ್ ಮಾಡುತ್ತಿದೆ. ಕ್ರಿ.ಶ. 750ರ ಸುಮಾರಿನ ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು 2018ರಲ್ಲಷ್ಟೇ ಗಮನಕ್ಕೆ ಬಂತು. ರಸ್ತೆ, ಚರಂಡಿ, ಲೇಔಟ್ ಕೆಲಸದಲ್ಲಿ ಜೆಸಿಬಿಗೆ ಸಿಕ್ಕುವ ಕಲ್ಲುಗಳಿಗೆ ಅಂಥ ಅದೃಷ್ಟವಿಲ್ಲ. ಹಾಗಾಗಿ ಶಿಕಾರಿಪುರ, ಸೊರಬದಂಥ ಕಡೆ ಈ ಕೆಲಸ ಊರಿನ ಮೇಷ್ಟ್ರು, ಕಾಲೇಜು ಮಕ್ಕಳಿಂದಲೇ ಆಗಬೇಕು.

ಈಗ ಹೊಸ ತಾಪತ್ರಯ ಎಐ. ಮಸುಕಾದ ಫೋಟೊ ಕೊಟ್ಟರೆ ಮೂಗು, ಮೀಸೆ ಸಮೇತ ವೀರನನ್ನು ‘ಸ್ಪಷ್ಟ’ ಮಾಡಿಕೊಡುತ್ತದೆ. ಕಲಾವಿದರು ಅದನ್ನು ಕಲ್ಪನೆಯ ಚಿತ್ರವಾಗಿ ಬಳಸಲಿ, ತಕರಾರಿಲ್ಲ. ದಾಖಲೆ ಎಂದು ಹಂಚಿದರೆ ಅದು ಸೀಮೆಸುಣ್ಣಕ್ಕಿಂತ ಕೆಟ್ಟದ್ದು. ಸೀಮೆಸುಣ್ಣ ಬಳಿದದ್ದು ಕಣ್ಣಿಗಾದರೂ ಕಾಣುತ್ತದೆ.

ಪತ್ರಿಕೆಯಲ್ಲಿ ಒಂದು ಕೋರಿಕೆ: ವೀರಗಲ್ಲಿನ ಚಿತ್ರ ಅಚ್ಚಾಗುವಾಗ ಬೆಳಕು ಯಾವ ಕಡೆಯದು, ಎಐ ಬಳಸಿದೆಯೇ ಎಂದು ಅಡಿಬರಹದಲ್ಲಿ ಹಾಕಿ. ಕಳಿಸುವವರು ಮೂಲಚಿತ್ರಗಳನ್ನು ಅಳಿಸದಿರಲಿ. ವಾಟ್ಸ್‌ಆ್ಯಪಿನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ನೂರಿಪ್ಪತ್ತು ಫೋಟೊ ಅಂದರೆ ಸುಮಾರು ಅರ್ಧ ಜಿಬಿ, ಒಂದು ಪೆನ್‌ಡ್ರೈವಿನ ಮೂಲೆ ಸಾಕು.

ಇತಿ,
ಶಾಸನ ದಾಖಲೀಕರಣದಲ್ಲಿ ತೊಡಗಿರುವ ಓದುಗರು
ಶಿವಮೊಗ್ಗ