ಜೋಡಿ ಚಕ್ರದ ಒಳಟೈರಿಗೆ ಗೇಜು ಮುಟ್ಟುವುದೇ ಇಲ್ಲ

ಮಾನ್ಯ ಸಂಪಾದಕರೇ,

ಕೋಲಾರ, ಮಾಲೂರು, ಚಿಕ್ಕಬಳ್ಳಾಪುರಗಳಿಂದ ಕಲಾಸಿಪಾಳ್ಯಕ್ಕೆ ತರಕಾರಿ ತರುವ, ಪೀಣ್ಯದ ಕಾರ್ಖಾನೆಗಳಿಂದ ಬಿಡಿಭಾಗಗಳನ್ನು ಸಾಗಿಸುವ ಆರು ಚಕ್ರದ ಲಘು ಸರಕು ವಾಹನಗಳಿಗೆ ಹಿಂಬದಿಯಲ್ಲಿ ಎಡಕ್ಕೆರಡು, ಬಲಕ್ಕೆರಡು ಟೈರುಗಳಿರುತ್ತವೆ. 1986ರಲ್ಲಿ ಟಾಟಾ 407 ಮಾರುಕಟ್ಟೆಗೆ ಬಂದ ಮೇಲೆ ಈ ಬಗೆಯ ಗಾಡಿ ನಮ್ಮ ನಗರದ ವ್ಯಾಪಾರಕ್ಕೆ ಆಧಾರವಾಗಿದೆ. ಇಂಥ ಗಾಡಿಗಳನ್ನು ಬಾಡಿಗೆಗೆ ಓಡಿಸುವ ನಾನು ಗಮನಿಸಿರುವಂತೆ, ಹಿಂದಿನ ನಾಲ್ಕು ಟೈರುಗಳ ಪೈಕಿ ಒಳಗಿನ ಎರಡರ ಗಾಳಿಯನ್ನು ಅಳೆಯುವ ಅಭ್ಯಾಸವೇ ಬಹುತೇಕ ಕಡೆ ಇಲ್ಲ. ಇದಕ್ಕೆ ಚಾಲಕರ ಅಸಡ್ಡೆಗಿಂತ, ಅಳೆಯಲು ಅನುಕೂಲವಿಲ್ಲದಿರುವುದೇ ಹೆಚ್ಚು ಕಾರಣವೆಂದು ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ.

ಒಂಟಿ ಟೈರಿನ ಗಾಳಿ ಇಳಿದರೆ ಗಾಡಿ ವಾಲುತ್ತದೆ, ನೋಡಿದವರಿಗೆ ಗೊತ್ತಾಗುತ್ತದೆ. ಜೋಡಿಯಲ್ಲಿ ಹಾಗಾಗುವುದಿಲ್ಲ, ಒಳಟೈರು ಪೂರ್ತಿ ಸೋತಿದ್ದರೂ ಹೊರಟೈರು ಭಾರವನ್ನು ಎತ್ತಿ ಹಿಡಿದಿರುತ್ತದೆ. ಆ ಭಾರವೆಷ್ಟು ಎಂಬುದನ್ನು ಟೈರೇ ಹೇಳುತ್ತದೆ. ಅದರ ಪಕ್ಕದ ಗೋಡೆಯಲ್ಲಿ 120/116 ಎಂಬಂತೆ ಎರಡು ಸಂಖ್ಯೆಗಳು ಅಚ್ಚಾಗಿರುತ್ತವೆ; ಮೊದಲನೆಯದು ಟೈರು ಒಂಟಿಯಾಗಿರುವಾಗ, ಎರಡನೆಯದು ಜೋಡಿಯಾಗಿರುವಾಗ ಹೊರಬಹುದಾದ ಭಾರದ ಸೂಚಿ. 120 ಎಂದರೆ 1,400 ಕೆ.ಜಿ., 116 ಎಂದರೆ 1,250 ಕೆ.ಜಿ. ಅಂದರೆ ಜೋಡಿ ಸೇರಿ 2,500 ಕೆ.ಜಿ. ಹೊರುವಲ್ಲಿ ಒಳಗಿನದು ಸೋತರೆ, ಒಂಟಿಯಾಗಿ 1,400 ಕೆ.ಜಿ.ಗಷ್ಟೇ ತಯಾರಾದ ಹೊರಟೈರಿನ ಮೇಲೆ 1,100 ಕೆ.ಜಿ. ಹೆಚ್ಚುವರಿ ಹೊರೆ ಬೀಳುತ್ತದೆ. ಜೋಡೆತ್ತಿನಲ್ಲಿ ಒಂದು ಕುಸಿದಾಗ ಇನ್ನೊಂದರ ಹೆಗಲಿಗೆ ನೊಗವೆಲ್ಲ ಬಿದ್ದಂತೆ ಇದು. ಗಾಳಿ ಅರೆಬರೆ ಇದ್ದಾಗಲೂ ಅಪಾಯ ತಪ್ಪಿದ್ದಲ್ಲ. ಮೆತ್ತಗಾದ ಟೈರಿನ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಬಿಸಿಯಾಗುತ್ತದೆ, ಪಕ್ಕದ ಟೈರಿಗೆ ಉಜ್ಜುತ್ತದೆ, ಕೊನೆಗೆ ಹೆದ್ದಾರಿಯಲ್ಲಿ ಸಿಡಿಯುತ್ತದೆ.

ಹಳೆಯ ಚಾಲಕರು ಹೊರಡುವ ಮುನ್ನ ವೀಲ್ ಸ್ಪ್ಯಾನರಿನಿಂದ ಟೈರಿಗೆ ಬಡಿದು ಸದ್ದು ಕೇಳುತ್ತಾರೆ. ಅವರ ಕಿವಿಯ ಬಗ್ಗೆ ನನಗೆ ಗೌರವವಿದೆ. ಪೂರ್ತಿ ಗಾಳಿ ಹೋದ ಟೈರನ್ನು ಅವರು ತಕ್ಷಣ ಗುರುತಿಸುತ್ತಾರೆ. ಆದರೆ 80 ಪೌಂಡ್ ಇರಬೇಕಾದಲ್ಲಿ 60 ಇದೆ ಎಂಬುದನ್ನು ಸದ್ದಿನಿಂದ ಹೇಳಲಾಗದು, ಅದಕ್ಕೆ ಒತ್ತಡ ಅಳೆಯುವ ಗೇಜೇ ಬೇಕು. ಅದನ್ನೂ ಟೈರು ತಣ್ಣಗಿರುವಾಗ, ಅಂದರೆ ಗಾಡಿ ನಿಂತು ಕನಿಷ್ಠ ಮೂರು ಗಂಟೆಯಾದ ಮೇಲೆ ನೋಡಬೇಕು. ನಸುಕಿನಲ್ಲಿ ತರಕಾರಿ ಇಳಿಸಿ ವಿಶ್ರಾಂತಿಗೆ ನಿಲ್ಲುವ ಗಾಡಿಗಳಿಗೆ, ಮತ್ತೆ ಹೊರಡುವ ಮುನ್ನ ಇದನ್ನು ನೋಡುವುದು ಕಷ್ಟವಲ್ಲ. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಏರಿರುವುದು ಸಹಜ. ಹೆಚ್ಚಾಯಿತೆಂದು ಆಗ ಗಾಳಿ ಬಿಡಬಾರದು.

ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ಹುಟ್ಟಿಸುವುದು ಪಂಚರ್ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗರ ಸ್ಥಿತಿ. ಇರಬೇಕಾದ ಒತ್ತಡದ ಶೇ 80ಕ್ಕಿಂತ ಕಡಿಮೆ ಗಾಳಿಯಲ್ಲಿ ಓಡಿದ ಟೈರಿಗೆ ಹಾಗೆಯೇ ಗಾಳಿ ತುಂಬಬಾರದು, ಬಿಚ್ಚಿ ಒಳಗಿನಿಂದ ಪರೀಕ್ಷಿಸಬೇಕು ಎಂಬುದು ಟೈರು ಉದ್ಯಮದ ನಿಯಮ. ಉಕ್ಕಿನ ಎಳೆಗಳಿರುವ ರೇಡಿಯಲ್ ಟೈರುಗಳಲ್ಲಿ ಆ ಎಳೆಗಳು ಮಡಚಿ ಮಡಚಿ ದಣಿದಿದ್ದರೆ, ಗಾಳಿ ತುಂಬುತ್ತಿರುವಾಗಲೇ ಗೋಡೆ ಉದ್ದಕ್ಕೆ ಸೀಳಿಕೊಂಡು ಸಿಡಿಯಬಹುದು. ಹೊರಗೆ ಮೊದಲೇ ಯಾವ ಗುರುತೂ ಕಾಣದಿರಬಹುದು. ಬಿಚ್ಚಿ ನೋಡಿದ ಟೈರನ್ನೂ ಕಬ್ಬಿಣದ ಪಂಜರದೊಳಗಿಟ್ಟು, ಉದ್ದನೆಯ ಪೈಪಿನಿಂದ, ದೂರ ನಿಂತು ತುಂಬಬೇಕು. ಗಾಳಿ ಕಡಿಮೆಯಾಗಿಯೇ ಬಹಳ ದೂರ ಓಡಿಸಿದ್ದರೆ ಆ ಮಾತನ್ನು ಅಂಗಡಿಯವರಿಗೆ ಮುಚ್ಚಿಡದೆ ಹೇಳುವುದು ಮಾಲೀಕರ ಮತ್ತು ಚಾಲಕರ ಕರ್ತವ್ಯ.

ಖರ್ಚು ಉಳಿಸಲೆಂದು ಹೊಸ ಟೈರಿನ ಜತೆಗೆ ಸವೆದದ್ದನ್ನೋ ರೀಸೋಲ್ ಮಾಡಿಸಿದ್ದನ್ನೋ (ಹಳೆಯದಕ್ಕೆ ಹೊಸ ಪಟ್ಟೆ ಅಂಟಿಸಿದ್ದನ್ನೋ) ಜೋಡಿಸುವುದು ನಮ್ಮಲ್ಲಿ ರೂಢಿ. ಎರಡೂ ಒಂದೇ ಹಬ್‌ನಲ್ಲಿ ಒಟ್ಟಿಗೇ ತಿರುಗುವುದರಿಂದ ಚಿಕ್ಕದು ರಸ್ತೆಗೆ ಉಜ್ಜಿಕೊಂಡೇ ಸಾಗಬೇಕಾಗುತ್ತದೆ. ವ್ಯಾಸದಲ್ಲಿ 6 ಮಿ.ಮೀ. ವ್ಯತ್ಯಾಸವಿದ್ದರೆ ಸುತ್ತಳತೆಯಲ್ಲಿ ಸುಮಾರು 19 ಮಿ.ಮೀ. ಆಗುತ್ತದೆ; 7.50-16 ಅಳತೆಯ ಟೈರು ಕಿಲೋಮೀಟರಿಗೆ ಸುಮಾರು 400 ಸುತ್ತು ತಿರುಗುವುದರಿಂದ, ಪ್ರತಿ ಕಿಲೋಮೀಟರಿನಲ್ಲೂ ಏಳು ಮೀಟರಿಗೂ ಹೆಚ್ಚು ಉಜ್ಜಾಟ. ಈ ಗಾತ್ರದ ಟೈರುಗಳಿಗೆ ವ್ಯಾಸದಲ್ಲಿ ಆ 6 ಮಿ.ಮೀ. ವ್ಯತ್ಯಾಸವೇ ಗರಿಷ್ಠ ಮಿತಿ. ರಸ್ತೆಯ ನಡುಭಾಗ ಉಬ್ಬಿರುವುದರಿಂದ, ತುಸು ದೊಡ್ಡದಾದ ಟೈರನ್ನು ಹೊರಗೆ ಹಾಕಬೇಕು. ರೇಡಿಯಲ್ ಜತೆಗೆ ನೈಲಾನ್ ಟೈರನ್ನಂತೂ ಜೋಡಿ ಮಾಡಲೇಬಾರದು.

ಚಕ್ರ ಬಿಚ್ಚಿ ಹಾಕಿದ ಮೇಲೆ 80ರಿಂದ 160 ಕಿ.ಮೀ. ಓಡುವಷ್ಟರಲ್ಲಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಬೇಕು. ನಟ್ಟಿನ ಬುಡದಿಂದ ಡಿಸ್ಕಿನ (ಚಕ್ರದ ಲೋಹದ ತಟ್ಟೆಯ) ಮೇಲೆ ತುಕ್ಕಿನ ಗೆರೆ ಇಳಿದಿದ್ದರೆ ಅದು ಸಡಿಲವಾಗಿರುವ ಸೂಚನೆ.

ಕಟ್ಟಡ ಕಾಮಗಾರಿಯ ಜಾಗಗಳಿಂದ ಹೊರಬರುವ ಗಾಡಿಗಳ ಜೋಡಿ ಟೈರುಗಳ ನಡುವೆ ದಪ್ಪ ಜಲ್ಲಿ, ಇಟ್ಟಿಗೆ ತುಂಡು ಸಿಕ್ಕಿಕೊಳ್ಳುತ್ತವೆ. ಅವು ಎರಡೂ ಟೈರುಗಳ ಗೋಡೆ ಕೊರೆಯುವುದಲ್ಲದೆ, ವೇಗ ಹೆಚ್ಚಿದಾಗ ಹಿಂದಕ್ಕೆ ಚಿಮ್ಮುತ್ತವೆ. ಹೊಸೂರು ರಸ್ತೆ, ತುಮಕೂರು ರಸ್ತೆಗಳಲ್ಲಿ ಹಿಂದೆ ಬರುವವರಲ್ಲಿ ದ್ವಿಚಕ್ರ ಸವಾರರೇ ಬಹಳ. ಮುಖ್ಯರಸ್ತೆಗೆ ಏರುವ ಮುನ್ನ ಕ್ಲೀನರ್ ಒಮ್ಮೆ ಬಗ್ಗಿ ನೋಡುವಂತೆ ಗುತ್ತಿಗೆದಾರರು ಗೇಟಿನಲ್ಲಿಯೇ ಕಟ್ಟುನಿಟ್ಟು ಮಾಡಬೇಕು.

ಪೆಟ್ರೋಲ್ ಬಂಕ್‌ಗಳು ಉಚಿತವಾಗಿ ಗಾಳಿ ಒದಗಿಸಬೇಕೆಂಬ ನಿಯಮವಿದೆ. ಆದರೆ ನಗರದೊಳಗೆ ನಾನು ಹೋಗಿರುವ ಹಲವು ಬಂಕ್‌ಗಳಲ್ಲಿ ಗಾಳಿ ಪೈಪಿನ ಮೂತಿ ಕಾರುಗಳಿಗಷ್ಟೇ ಹೊಂದುವಂಥದ್ದು. ಹೊರಗಿನ ಡಿಸ್ಕಿನ ರಂಧ್ರದಲ್ಲಿ ಕೈ ತೂರಿಸಿದರೂ ಒಳಟೈರಿನ ವಾಲ್ವಿಗೆ ಅದು ಮುಟ್ಟುವುದಿಲ್ಲ. ಹಿಂದಕ್ಕೂ ಮುಂದಕ್ಕೂ ಎರಡು ಬಾಯಿ ಇರುವ ಉದ್ದನೆಯ ಮೂತಿ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಹುಡುಕಿದರೆ ಸಿಗದ ವಸ್ತುವಲ್ಲ. ಲೋಹದ ವಾಲ್ವ್ ಎಕ್ಸ್‌ಟೆನ್ಷನ್ (ವಾಲ್ವನ್ನು ಹೊರಕ್ಕೆ ಉದ್ದ ಮಾಡುವ ಕೊಳವೆ) ಹಾಕಿಸಿ, ಒಳ–ಹೊರ ವಾಲ್ವುಗಳು ಎದುರುಬದುರಾಗಿರುವಂತೆ ಚಕ್ರ ಕೂರಿಸಿದರೆ ಮಾಲೀಕರಿಗೂ ಕೆಲಸ ಸುಲಭ. ಒಂದು ಟೈರಿನ ಬೆಲೆಯೆದುರು ಆ ಖರ್ಚು ಏನೂ ಅಲ್ಲ.

ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 94ನೇ ನಿಯಮ ಇಂಥ ವಾಹನಗಳ ಟೈರಿನ ಪಟ್ಟೆಗೆ ಕನಿಷ್ಠ 1.6 ಮಿ.ಮೀ. ಆಳ ವಿಧಿಸುತ್ತದೆ, ಆ ಅಳತೆ ಒಳಟೈರಿಗೂ ಅನ್ವಯಿಸುತ್ತದೆ. ಎಂಟು ವರ್ಷದೊಳಗಿನ ಗಾಡಿಗಳಿಗೆ ಎರಡು ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯವಕ್ಕೆ ವರ್ಷಕ್ಕೊಮ್ಮೆ ಎಫ್‌ಸಿ (ವಾಹನದ ಅರ್ಹತಾ ತಪಾಸಣೆ) ಮಾಡುವಾಗ, ಆರೂ ಟೈರುಗಳ ಪಟ್ಟೆಯ ಆಳವನ್ನೂ ಗಾಳಿಯ ಒತ್ತಡವನ್ನೂ ಪ್ರತ್ಯೇಕವಾಗಿ ಬರೆದು ಮಾಲೀಕರಿಗೆ ಕೊಡುವ ವ್ಯವಸ್ಥೆಯನ್ನು ಸಾರಿಗೆ ಇಲಾಖೆ ಮಾಡಬೇಕೆಂದೂ, ಮಾರುಕಟ್ಟೆಗಳ ಸುತ್ತಲಿನ ಬಂಕ್‌ಗಳಲ್ಲಾದರೂ ಒಳಟೈರಿಗೆ ಮುಟ್ಟುವ ಗಾಳಿ ಮೂತಿಯನ್ನು ತೈಲ ಕಂಪನಿಗಳು ಇರಿಸಬೇಕೆಂದೂ ಕೋರುತ್ತೇನೆ.

— ಸರಕು ವಾಹನ ಮಾಲೀಕ, ಯಶವಂತಪುರ, ಬೆಂಗಳೂರು